ಎಣ್ಣೆ ಕಲೆಯ ಪುಟ

ತುಂಬಾ ದಿನಗಳಾದವು ಇಲ್ಲಿ ಏನೂ ಬರೆಯದೆ. ಬರೆಯಬೇಕು ಅಂದುಕೊಂಡಿದ್ದು ಏನೇನೋ ಇತ್ತು. ಆದರೆ ಕಳೆದ ವಾರ ಊರಿಗೆ ಹೋಗಿದ್ದಾಗ ಕಣ್ಣಿಗೆ ಬಿದ್ದ ಒಂದು ಎಣ್ಣೆ ಕಲೆ ಅದೆಲ್ಲವನ್ನೂ ಹಿಂದಕ್ಕೆ ತಳ್ಳಿಬಿಟ್ಟಿತು.

ನಮ್ಮನೆಯಲ್ಲಿ ಒಂದು ಹಳೇ ಬೈಬಲ್ ಇದೆ. ಕಪ್ಪು ರಟ್ಟು, ಬಿಟ್ಟುಹೋದ ಬೆನ್ನಿಗೆ ಅಮ್ಮ ಅಂಟಿಸಿದ ಬಟ್ಟೆಯ ತುಂಡು. ಶಿಲುಬೆಯ ಪಕ್ಕದಲ್ಲಿ ಅದರ ಜಾಗ. ಕೈಗೆತ್ತಿಕೊಂಡು ಸುಮ್ಮನೆ ಬಿಟ್ಟರೆ ಅದು ತಾನಾಗಿಯೇ ಒಂದು ಪುಟಕ್ಕೆ ತೆರೆದುಕೊಳ್ಳುತ್ತದೆ. ತೊಂಬತ್ತೊಂದನೇ ಕೀರ್ತನೆ. ಆ ಪುಟದ ಅಂಚಿನಲ್ಲಿ ಹೆಬ್ಬೆರಳಗಲದ ಎಣ್ಣೆ ಕಲೆ. ಹಿಂದಿನ ಪುಟದ ಅಕ್ಷರಗಳೂ ಅದರಲ್ಲಿ ಮಸುಕಾಗಿ ಕಾಣುತ್ತವೆ. ಕೊಬ್ಬರಿ ಎಣ್ಣೆಯ ಕಲೆಯಲ್ಲ ಅದು. ಉಣುಗು ಕಚ್ಚದಿರಲಿ ಅಂತ ಆರೋಗ್ಯ ಇಲಾಖೆಯವರು ಹಂಚುವ ಎಣ್ಣೆಯದು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಅರ್ಥವಾಗುತ್ತದೆ. ಉಳಿದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮಜ್ಜ ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬಂದವರು, ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ. 1964ರಲ್ಲಿ ಅಣೆಕಟ್ಟು ಮುಗಿದ ಮೇಲೂ ವಾಪಸ್ ಹೋಗಲಿಲ್ಲ. ಅರಳಗೋಡಿಗೆ ತೀರಾ ದೂರವಲ್ಲದ ಒಂದು ಹಳ್ಳಿಯಲ್ಲಿ ನಿಂತುಬಿಟ್ಟರು. ಅಣೆಕಟ್ಟು ಕಟ್ಟಿದ ನಾವು ಉಳಿದೆವು, ಅದರ ನೀರಿಗೆ ಊರು ಕೊಟ್ಟವರು ಲಾರಿ ಹತ್ತಿ ಹೋದರು ಅನ್ನುವ ಮಾತನ್ನು ಅಜ್ಜ ಕೊನೆಯವರೆಗೂ ಮುಜುಗರದಿಂದಲೇ ಆಡುತ್ತಿದ್ದರು. ಮನೆಯ ಮಾತು ಕೊಂಕಣಿ, ಶಾಲೆಯದು ಕನ್ನಡ. ಸಂಜೆ ಏಳಾದರೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅಜ್ಜಿಯ ಕಾಲದಲ್ಲಿ ಚರ್ಚಿನ ಪೂಜೆ ಲ್ಯಾಟಿನ್ನಿನಲ್ಲಿ. ಅರ್ಥ ಗೊತ್ತಿಲ್ಲದೆ, ಆದರೆ ಒಂದಕ್ಷರ ತಪ್ಪದೆ ಅಜ್ಜಿ ಹೇಳುತ್ತಿದ್ದರಂತೆ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಆಯಾ ಊರಿನ ಭಾಷೆಯಲ್ಲಿ ಪೂಜೆ ಶುರುವಾಯಿತು. ಬೈಬಲ್ಲನ್ನು ಮನೆಯಲ್ಲಿ ಕೂತು ಕನ್ನಡದಲ್ಲಿ ಓದುವ ರೂಢಿ ನಮ್ಮ ಮನೆಗೆ ಬಂದದ್ದು ಅಪ್ಪನಿಂದ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಓದುವುದೆಂದರೆ ಗಟ್ಟಿಯಾಗಿ, ಅರ್ಧ ಕೇರಿಗೆ ಕೇಳುವ ಹಾಗೆ.

ಅಪ್ಪನಿಗೆ ಅತಿ ಇಷ್ಟವಾದದ್ದು ಈ ತೊಂಬತ್ತೊಂದನೇ ಕೀರ್ತನೆ. ದೇವರ ಆಸರೆಯಲ್ಲಿ ಇರುವವನಿಗೆ ಬೇಟೆಗಾರನ ಬಲೆಯ ಭಯವಿಲ್ಲ, ರಾತ್ರಿಯ ಅಂಜಿಕೆಯಿಲ್ಲ, ಹಗಲಿನ ಬಾಣ ತಾಗದು, ನಡುಮಧ್ಯಾಹ್ನದಲ್ಲಿ ಬರುವ ಪಿಡುಗು ಮುಟ್ಟದು ಅನ್ನುವುದು ಅದರ ಸಾರ. ಅಕ್ಕಪಕ್ಕದಲ್ಲಿ ಸಾವಿರ ಜನ ಉರುಳಿದರೂ ನಿನಗೇನೂ ಆಗದು ಅನ್ನುವಷ್ಟು ದೊಡ್ಡ ಮಾತು ಅದರಲ್ಲಿದೆ. ನಾನು ಹಾಸ್ಟೆಲ್ಲಿಗೆ ಹೊರಟಾಗ, ತಂಗಿ ಮದುವೆಯಾಗಿ ತೀರ್ಥಹಳ್ಳಿಗೆ ಹೊರಟಾಗ, ಅಪ್ಪ ತಲೆ ಮೇಲೆ ಕೈಯಿಟ್ಟು ಓದಿದ್ದು ಇದನ್ನೇ.

ಇನ್ನು ಉಣುಗಿನ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಕಾಡಂಚಿನ ಹಳ್ಳಿಗಳಲ್ಲಿ ಜನರಿಗೂ ಜ್ವರ, ಸಾವು. ಬೇರೆ ದೇಶಗಳ ಹಳದಿ ಜ್ವರ ಇಲ್ಲಿಗೂ ಬಂತೇನೋ ಅಂತ ವಿಜ್ಞಾನಿಗಳು ಮೊದಲು ಗಾಬರಿಯಾಗಿದ್ದರು. ನೋಡಿದರೆ ಅದುವರೆಗೆ ಯಾರೂ ಕಂಡಿರದ ಹೊಸ ವೈರಸ್. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ. ಪಾಪ, ಮಂಗ ಹರಡುವುದಲ್ಲ, ಅದೂ ನಮ್ಮ ಹಾಗೇ ಸಾಯುವುದು. ಹರಡುವುದು ಉಣುಗು. ಮಳೆ ಮುಗಿದು ಚಳಿ ಶುರುವಾದ ಮೇಲೆ, ಡಿಸೆಂಬರಿನಿಂದ ಮೇ ತನಕ, ಸಾಸಿವೆ ಕಾಳಿಗಿಂತ ಸಣ್ಣ ಮರಿ ಉಣುಗುಗಳು ಒಣ ಎಲೆಗಳ ನಡುವೆ ಕಾದಿರುತ್ತವೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ ಇದು. ಆದರೆ ಇದನ್ನೇ ಗುಣಪಡಿಸುವ ಔಷಧಿಯೂ ಇಲ್ಲ. ಜ್ವರ, ತಲೆ ಸಿಡಿತ, ಮೈಕೈ ನೋವಿಗೆ ಆರೈಕೆ ಮಾಡುತ್ತಾ ಕಾಯುವುದು ಅಷ್ಟೇ. ಕೆಲವರಿಗೆ ರಕ್ತಸ್ರಾವ. ಹೆಚ್ಚಿನವರು ಬದುಕಿ ಬರುತ್ತಾರೆ, ಕೆಲವರು ಬರುವುದಿಲ್ಲ.

ಮತ್ತೆ ಕಾಡಿಗೆ ಹೋಗದೇ ಇರಬಹುದಲ್ಲ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಹೇಗೆ ಹೇಳುವುದು? ಕೊಟ್ಟಿಗೆಗೆ ಹಾಸಲು ದರಕು ಬೇಕು. ದರಕು ಅಂದರೆ ಒಣಗಿ ಉದುರಿದ ಎಲೆ. ಅದೇ ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಹೋಗಬೇಕು. ದರಕು ಗುಡಿಸುವ ಕಾಲವೂ ಉಣುಗಿನ ಕಾಲವೂ ಒಂದೇ.

2018ರ ಡಿಸೆಂಬರಿನಲ್ಲಿ ಅರಳಗೋಡಿನ ಸುತ್ತ ಕಾಯಿಲೆ ಎದ್ದಿತು. ಸತ್ತ ಮಂಗಗಳ ಸುದ್ದಿ, ಆಮೇಲೆ ಜ್ವರ, ಆಮೇಲೆ ಒಂದೊಂದೇ ಸಾವು. ಲಸಿಕೆ ಹಾಕುವ ತಂಡಗಳು ಬಂದವು. ಆದರೆ 65 ದಾಟಿದವರಿಗೆ ಆ ಲಸಿಕೆ ಇರಲಿಲ್ಲ, ಅಪ್ಪನಿಗೆ ಆಗ 67. ಹಾಗಾಗಿ ಅಪ್ಪನಿಗೆ ಉಳಿದದ್ದು ಎಣ್ಣೆ ಒಂದೇ. ಆಶಾ ಕಾರ್ಯಕರ್ತೆ ಎರಡು ಬಾಟಲಿ ಕೊಟ್ಟು, ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಿನಲ್ಲಿ ತೊಳೆಯಿರಿ ಅಂತ ಹೇಳಿಹೋದರು.

ಅಪ್ಪ ಆ ಎರಡು ಬಾಟಲಿಗಳನ್ನು ಶಿಲುಬೆಯ ಪಕ್ಕದಲ್ಲಿ, ಬೈಬಲ್ಲಿನ ಮುಂದೆ ಇಟ್ಟರು. ಮುಚ್ಚಳ ತೆಗೆಯಲಿಲ್ಲ.

"ನನ್ನದು ಇಲ್ಲಿದೆ" ಅಂತ ಬೈಬಲ್ ತೋರಿಸಿದರಂತೆ. ತಂಗಿ ತೀರ್ಥಹಳ್ಳಿಯಿಂದ ಫೋನಿನಲ್ಲಿ ಕೂಗಾಡಿದಳು. ನಾನು ಬೆಂಗಳೂರಿನಿಂದ "ಹಚ್ಕೊಳಿ ಅಪ್ಪಾ" ಅಂದೆ, ಒಂದೇ ಸಲ. ಒತ್ತಿ ಹೇಳಲಿಲ್ಲ. ಅಪ್ಪನ ನಂಬಿಕೆಯನ್ನು ಪ್ರಶ್ನೆ ಮಾಡಿದ ಹಾಗಾಗುತ್ತದೆ ಅನ್ನುವುದು ನಾನು ನನಗೇ ಹೇಳಿಕೊಂಡ ಕಾರಣ. ನಿಜವಾದ ಕಾರಣ, ಆಫೀಸಿನ ಕೆಲಸದ ನಡುವೆ ವಾದಕ್ಕೆ ಪುರುಸೊತ್ತಿರಲಿಲ್ಲ ಅಷ್ಟೇ.

ನಮ್ಮ ಆಚೆಮನೆಯಲ್ಲಿ ಒಬ್ಬರು ಅಕ್ಕ ಇದ್ದರು. ಅಮ್ಮನಿಗೆ ಅವರು ಜೀವ. "ಬಾಯಮ್ಮಾ" ಅಂತ ಹಿತ್ತಲಿನಿಂದಲೇ ಕೂಗುತ್ತಾ ಬರುತ್ತಿದ್ದರು. ಕ್ರಿಸ್‌ಮಸ್ಸಿಗೆ ನಮ್ಮನೆಯ ಕುಸ್ವಾರ್ ತಿಂಡಿಯ ತಟ್ಟೆ ಅವರ ಮನೆಗೆ, ಭೂಮಿ ಹುಣ್ಣಿಮೆಗೆ ಅವರ ಮನೆಯ ಕಡುಬು ನಮಗೆ. ಸಿಗಂದೂರು ಚೌಡಮ್ಮನ ಭಕ್ತೆ. ಸೇತುವೆ ಆದದ್ದು 2025ರಲ್ಲಿ, ಆಗೆಲ್ಲ ಲಾಂಚಿನಲ್ಲೇ ಹಿನ್ನೀರು ದಾಟಬೇಕು. ಲಾಂಚ್ ಹತ್ತುವಾಗ ಅಮ್ಮನ ಹೆಸರಿನಲ್ಲೂ ಒಂದು ಕಾಯಿ ಒಯ್ಯುತ್ತಿದ್ದರು.

ಅವರೂ ಎಣ್ಣೆ ಹಚ್ಚಲಿಲ್ಲ. ಆಶಾ ಕಾರ್ಯಕರ್ತೆ ಕೇಳಿದ್ದಕ್ಕೆ ಅವರು ಹೇಳಿದ್ದು ಅಮ್ಮನಿಗೆ ಇವತ್ತಿಗೂ ಮರೆತಿಲ್ಲ. "ಮೇಷ್ಟ್ರೇ ಹಚ್ಚದಿಲ್ಲ ಅಂದಮೇಲೆ ನಂಗೆಂತಕ್ಕೆ ಮಾರಾಯ್ತಿ? ಆ ವಾಸನೆ ಯಾರು ತಡ್ಕತ್ತಾರೆ?"

ಜನವರಿಯಲ್ಲಿ ಅಪ್ಪ, ಅಕ್ಕ ಇಬ್ಬರೂ ಒಂದೇ ಕಾನಿಗೆ, ಒಂದೇ ದಾರಿಯಲ್ಲಿ, ದರಕಿಗೆ ಹೋದರು. ನಡುಮಧ್ಯಾಹ್ನ ವಾಪಸ್ ಬಂದರು. ವಾರ ಕಳೆಯುವುದರೊಳಗೆ ಇಬ್ಬರಿಗೂ ಜ್ವರ.

ಅಪ್ಪನನ್ನು ಮೊದಲು ಸಾಗರದ ಆಸ್ಪತ್ರೆಗೆ, ಅಲ್ಲಿಂದ ಮಣಿಪಾಲಕ್ಕೆ ಕರೆದೊಯ್ದೆವು. ಹೊಸನಗರದಲ್ಲಿ ಚಿಕ್ಕಮ್ಮ ರಸ್ತೆಗೇ ಬಂದು ನಿಂತು, ಗಂಜಿಯ ಫ್ಲಾಸ್ಕ್ ಹಿಡಿದು ಗಾಡಿ ಹತ್ತಿದರು. ನಗರ ದಾಟಿ ಹುಲಿಕಲ್ ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ಅಪ್ಪ ನರಳುತ್ತಿದ್ದರು. ಅಮ್ಮ ಬಾಯಿಪಾಠದಲ್ಲಿ ಅದೇ ಕೀರ್ತನೆ ಹೇಳುತ್ತಿದ್ದರು. ಒಂದು ಸಾಲಿಗೆ ಬಂದಾಗ ತಡೆದು ನಿಂತರು. ಪಕ್ಕದಲ್ಲಿ ಬಿದ್ದರೂ ನಿನಗಾಗದು ಅನ್ನುವ ಸಾಲು. ಅಕ್ಕನ ನೆನಪಾಗಿತ್ತು ಅಂತ ಆಮೇಲೆ ಹೇಳಿದರು. ಆ ಸಾಲನ್ನು ಹಾರಿಸಿ ಮುಂದಕ್ಕೆ ಹೋದರು.

ಹನ್ನೆರಡು ದಿನಗಳ ನಂತರ ಅಪ್ಪ ಮನೆಗೆ ಬಂದರು. ಅಕ್ಕ ಬರಲಿಲ್ಲ.

ಅಪ್ಪ ಗೋಡೆ ಹಿಡಿದು ನಡೆಯುವಷ್ಟಾದಾಗ ನಮ್ಮವರು ನೋಡಲು ಬರತೊಡಗಿದರು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು. ನಿಮ್ಮ ವಿಶ್ವಾಸವೇ ನಿಮ್ಮನ್ನು ಉಳಿಸಿತು ಮೇಷ್ಟ್ರೇ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಮ್ಮ ಜಗಲಿಯಲ್ಲಿ ಕೂತರೆ ಆಚೆಮನೆಯ ಅಂಗಳ ಕಾಣುತ್ತದೆ. ಅಲ್ಲಿ ಅಕ್ಕನ ಮಗ ಒಬ್ಬನೇ ಅಡಿಕೆ ಹರಡುತ್ತಿದ್ದ. ಅಪ್ಪನನ್ನು ವಿಶ್ವಾಸ ಉಳಿಸಿತು ಅಂದರೆ ಅವನ ಅಮ್ಮನನ್ನು ಕೊಂದದ್ದು ಏನು? ಅವರಿಗೇನು ವಿಶ್ವಾಸ ಕಡಿಮೆಯಿತ್ತಾ? ಲಾಂಚಿನಲ್ಲಿ ನಮ್ಮಮ್ಮನ ಹೆಸರಿಗೂ ಕಾಯಿ ಒಯ್ದವರು ಅವರು. ನನಗೆ ಆ ದಿನಗಳಲ್ಲಿ ಬೈಬಲ್ ಕಂಡರೇ ಸಿಟ್ಟು ಬರುತ್ತಿತ್ತು.

ಮಾರ್ಚಿನಲ್ಲಿ ನಮ್ಮ ವಾರ್ಡಿನ ಪ್ರಾರ್ಥನಾ ಸಭೆ ನಮ್ಮನೆಯಲ್ಲೇ ಇತ್ತು. ಅಪ್ಪ ಸಾಕ್ಷಿ ಹೇಳಬೇಕು ಅಂತ ಎಲ್ಲರ ಒತ್ತಾಯ. ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಅನ್ನುತ್ತಾರೆ. ನಾನೂ ಊರಿನಲ್ಲಿದ್ದೆ. ಅಪ್ಪ ಕೀರ್ತನೆ ಓದುತ್ತಾರೆ ಅಂದುಕೊಂಡು ಹಿಂದೆ ಬಾಗಿಲ ಹತ್ತಿರ, ಹೊರಗೆ ಜಾರಿಕೊಳ್ಳಲು ಅನುಕೂಲವಾಗುವ ಹಾಗೆ ನಿಂತಿದ್ದೆ.

ಅಪ್ಪ ಎದ್ದು ಓದಿದ್ದು ಕೀರ್ತನೆಯನ್ನಲ್ಲ. ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯ. ಯೇಸುವನ್ನು ಸೈತಾನ ಪರೀಕ್ಷೆ ಮಾಡುವ ಕಥೆ. ಎಲ್ಲರಿಗೂ ಗೊತ್ತಿರುವುದೇ. ಸೈತಾನ ಯೇಸುವನ್ನು ಜೆರುಸಲೇಮಿನ ದೇವಾಲಯದ ತುದಿಯಲ್ಲಿ ನಿಲ್ಲಿಸುತ್ತಾನೆ. ಕೆಳಗೆ ಧುಮುಕು ಅನ್ನುತ್ತಾನೆ. ನಿನ್ನ ಕಾಲು ಕಲ್ಲಿಗೂ ತಗಲದ ಹಾಗೆ ದೇವದೂತರು ಅಂಗೈಯಲ್ಲಿ ಹಿಡಿಯುತ್ತಾರೆ ಅಂತ ಬರೆದಿದೆಯಲ್ಲ ಅನ್ನುತ್ತಾನೆ. ಯೇಸು ಧುಮುಕುವುದಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡಬಾರದು ಅಂತಲೂ ಬರೆದಿದೆ ಅನ್ನುತ್ತಾನೆ. ಅಲ್ಲಿಗೆ ಆ ಮಾತು ಮುಗಿಯುತ್ತದೆ.

ಓದಿ ಮುಗಿಸಿ ಅಪ್ಪ ಕನ್ನಡಕ ತೆಗೆದರು. "ಸೈತಾನ ಹೇಳಿದ ಸಾಲು ಎಲ್ಲಿಯದು ಗೊತ್ತಾ? ತೊಂಬತ್ತೊಂದನೇ ಕೀರ್ತನೆಯದು. ನಾನು ದಿನಾ ಓದೋದು. ಐವತ್ತು ವರ್ಷ ಓದಿದೀನಿ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊಳೀತು, ನಾನು ಅದನ್ನ ಸೈತಾನ ಓದಿದ ಹಾಗೆ ಓದಿದ್ದೆ. ಎಣ್ಣೆ ಎದುರಿಗೇ ಇತ್ತು. ಹಚ್ಚದೆ ಹೋಗಿ ಧುಮುಕಿದೆ. ನಾನು ಧುಮುಕಿದ್ದನ್ನ ನೋಡಿ ಇನ್ನೊಬ್ಬರೂ ಧುಮುಕಿದರು. ನಾನು ಬದುಕಿದೆ. ಇದು ನನ್ನ ಸಾಕ್ಷಿ."

ಇಷ್ಟೇ ಹೇಳಿ ಕೂತರು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಯಾರೋ ಒಬ್ಬರು ಮೆಲ್ಲಗೆ ಹಾಡು ಎತ್ತಿಕೊಂಡರು.

ಅಪ್ಪ ಅಲ್ಲಿಗೇ ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಆಚೆಮನೆಗೆ ನಡೆದರು. ಅಕ್ಕನ ಯಜಮಾನರ ಎದುರು ಕೂತು ಇದನ್ನೇ ಹೇಳಿದರು. ನನಗೆ ಎದೆ ಡವಡವ. ಅವರು ಬಹಳ ಹೊತ್ತು ಅಡಿಕೆ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ. ಆಮೇಲೆ, "ಬಿಡಿ ಮೇಷ್ಟ್ರೇ, ಅವಳು ಯಾರ್ ಮಾತು ಕೇಳ್ತಿದ್ಳು? ನೀವು ಹಚ್ಚು ಅಂದಿದ್ರೂ ಹಚ್ತಿರ್ಲಿಲ್ಲ" ಅಂದರು. ಒಳಗೆ ತಿರುಗಿ ಮಗನಿಗೆ ಎರಡು ಲೋಟ ಕಾಫಿ ತರಲು ಹೇಳಿದರು.

ಎಣ್ಣೆ ಹಚ್ಚಿದ್ದರೆ ಅಕ್ಕ ಉಳಿಯುತ್ತಿದ್ದರು ಅಂತ ಯಾರೂ ಆಣೆ ಮಾಡಿ ಹೇಳಲಾರರು. ಹಚ್ಚಿದವರಿಗೂ ಉಣುಗು ಕಚ್ಚಿದ್ದುಂಟು. ಅದು ಅಪ್ಪನಿಗೂ ಗೊತ್ತು, ಅವರಿಗೂ ಗೊತ್ತು. ಅದು ಗೊತ್ತಿದ್ದೂ ಅವರು ಆ ಮಾತು ಹೇಳಿ ಅಪ್ಪನ ಹೊರೆ ಅಷ್ಟು ಇಳಿಸಿದರು. ಕ್ಷಮೆ ಅನ್ನುವ ಶಬ್ದವನ್ನು ನಾನು ಚರ್ಚಿನಲ್ಲಿ ಸಾವಿರ ಸಲ ಕೇಳಿದ್ದೇನೆ, ಕಣ್ಣಾರೆ ಕಂಡದ್ದು ಆ ಜಗಲಿಯಲ್ಲಿ.

ಆಮೇಲೆ ನಾನೂ ಆ ಕೀರ್ತನೆಯನ್ನು ಮತ್ತೆ ಓದಿದೆ, ಸಿಟ್ಟಿಲ್ಲದೆ. ಒಂದು ವಿಷಯ ಗಮನಿಸಿದೆ. ಸೈತಾನ ಅದನ್ನು ಅರ್ಧಕ್ಕೇ ನಿಲ್ಲಿಸುತ್ತಾನೆ. ದೇವದೂತರ ಅಂಗೈಯವರೆಗೆ ಬಂದು ಬಾಯಿ ಮುಚ್ಚುತ್ತಾನೆ. ಕೀರ್ತನೆ ಅಲ್ಲಿಂದ ಮುಂದೆಯೂ ಇದೆ. ಕೊನೆಗೆ ದೇವರೇ ಮಾತಾಡುತ್ತಾನೆ. ನನ್ನನ್ನು ಕರೆದವನಿಗೆ ಓಗೊಡುತ್ತೇನೆ, ಅವನ ಕಷ್ಟದಲ್ಲಿ ಜೊತೆಗೆ ಇರುತ್ತೇನೆ ಅನ್ನುವ ಅರ್ಥದ ಮಾತು. ಕಷ್ಟದಲ್ಲಿ ಜೊತೆಗಿರುತ್ತೇನೆ ಅಂದರೆ ಕಷ್ಟ ಬರುತ್ತದೆ ಅಂತಲೇ ಅಲ್ಲವೇ? ಕಷ್ಟವೇ ಬಾರದವನಿಗೆ ಈ ಮಾತು ಯಾಕೆ ಬೇಕು? ಮೇಲಿನ ಸಾಲುಗಳಲ್ಲಿ ಬಾಣವೂ ಪಿಡುಗೂ ತಾಗದು ಅಂದ ಕೀರ್ತನೆಯೇ ಕೆಳಗೆ ಬಂದು ಹೀಗನ್ನುತ್ತದೆ. ಮೇಲಿನದನ್ನು ಓದಬೇಕಾದ್ದು ಈ ಕೆಳಗಿನದನ್ನು ಜೊತೆಗಿಟ್ಟುಕೊಂಡು ಅಂತ ನನಗನ್ನಿಸುತ್ತದೆ.

ಯೇಸುವಿಗೂ ಆದದ್ದು ಇದೇ. ದೇವಾಲಯದ ತುದಿಯಿಂದ ಧುಮುಕದೆ ಉಳಿದ. ಆದರೆ ಕೊನೆಗೆ ಶಿಲುಬೆ ತಪ್ಪಲಿಲ್ಲ. ದೇವರನ್ನು ನಂಬಿದ್ದಾನಲ್ಲ, ಆ ದೇವರೇ ಬಿಡಿಸಲಿ ನೋಡೋಣ ಅಂತ ನಿಂತವರು ಗೇಲಿ ಮಾಡಿದರು. ಬಿಡಿಸಲು ಯಾವ ದೂತನೂ ಬರಲಿಲ್ಲ. ಏನೂ ಆಗುವುದಿಲ್ಲ ಅನ್ನುವುದೇ ನಂಬಿಕೆಯಾಗಿದ್ದರೆ ಅವನಷ್ಟು ನಂಬಿಕೆಯಿಲ್ಲದವನು ಇನ್ನೊಬ್ಬನಿರಲಿಲ್ಲ ಅನ್ನಬೇಕಾಗುತ್ತದೆ.

ಆಚೆಮನೆಯ ಅಕ್ಕನ ಪ್ರಶ್ನೆಗೂ ಒಂದು ಕಡೆ ಉತ್ತರದಂಥದ್ದು ಸಿಕ್ಕಿತು. ಲೂಕನ ಸುವಾರ್ತೆಯ ಹದಿಮೂರನೇ ಅಧ್ಯಾಯ. ಸಿಲೋವಾಮಿನಲ್ಲಿ ಗೋಪುರ ಕುಸಿದು ಹದಿನೆಂಟು ಜನ ಸತ್ತಿದ್ದರು. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ತಪ್ಪಿತಸ್ಥರು ಅಂದುಕೊಂಡಿರಾ ಅಂತ ಯೇಸು ಕೇಳುತ್ತಾನೆ. ತಾನೇ ಇಲ್ಲ ಅನ್ನುತ್ತಾನೆ. ನೀವು ನಿಮ್ಮ ಬದುಕು ತಿದ್ದಿಕೊಳ್ಳಿ ಅನ್ನುತ್ತಾನೆ. ಸತ್ತವರು ಯಾಕೆ ಸತ್ತರು ಅನ್ನುವುದಕ್ಕೆ ವಿವರಣೆ ಕೊಡುವುದಿಲ್ಲ. ಮೊದಲು ಓದಿದಾಗ ಜಾರಿಕೊಂಡ ಉತ್ತರ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಸತ್ತವರ ಲೆಕ್ಕ ನಮಗೆ ಬಿಟ್ಟದ್ದಲ್ಲ, ಉಳಿದವರ ಜವಾಬ್ದಾರಿ ಮಾತ್ರ ನಮ್ಮದು. ಅಪ್ಪ ಉಳಿದದ್ದಕ್ಕೆ ದೇವರಿಗೆ ವಂದನೆ ಹೇಳಬಹುದು. ಆದರೆ ಅದನ್ನು ಬಹುಮಾನದ ಹಾಗೆ ಎತ್ತಿ ಹಿಡಿಯುವ ಹಕ್ಕು ನಮಗಿಲ್ಲ, ಆಚೆಮನೆಯ ಅಂಗಳ ಕಾಣುವ ಜಗಲಿಯಲ್ಲಿ ಕೂತಂತೂ ಇಲ್ಲವೇ ಇಲ್ಲ.

ಆ ವರ್ಷದ ನವೆಂಬರಿನಿಂದ ನಮ್ಮನೆಯಲ್ಲಿ ಒಂದು ಹೊಸ ರೂಢಿ. ಎಣ್ಣೆ ಬಂದ ದಿನ ಅಪ್ಪ ಮೊದಲು ಆಚೆಮನೆಗೆ ಒಯ್ದು, ಆ ಹುಡುಗ ತಮ್ಮೆದುರೇ ಹಚ್ಚಿಕೊಳ್ಳುವವರೆಗೆ ಕೂತಿರುತ್ತಾರೆ. ಮೇಷ್ಟ್ರ ಬುದ್ಧಿ. ಅಮ್ಮ ತೋಟಕ್ಕೆ ಹೋಗುವ ಮುಂಚೆ ಎಣ್ಣೆ ಹಚ್ಚಿ, ಅದೇ ಕೈಯಲ್ಲಿ ಬೈಬಲ್ ತೆಗೆದು ಕೀರ್ತನೆ ಓದುತ್ತಾರೆ. ಕಲೆ ಬಿದ್ದದ್ದು ಹಾಗೆ. "ಕೈ ತೊಳ್ಕೊಂಡು ಹಿಡ್ಕೋಬಾರ್ದಾ?" ಅಂತ ಕೇಳಿದ್ದಕ್ಕೆ, "ತೊಳೆದ್ರೆ ಎಣ್ಣೆ ಹೋಗಲ್ವಾ ಪುತಾ" ಅಂದರು. ಸರಿ ತಾನೆ.

2020ರಲ್ಲಿ ಕೋವಿಡ್ ಬಂದಾಗ ಈ ಕೀರ್ತನೆ ಎಲ್ಲರ ವಾಟ್ಸಾಪಿನಲ್ಲೂ ಓಡಾಡಿತು. ತಂಗಿ ಫೋನ್ ಮಾಡಿ, "ಅಪ್ಪಾ, ನಿಮ್ಮ ಕೀರ್ತನೆ ಈಗ ಲೋಕಕ್ಕೆಲ್ಲ ಬೇಕಾಗಿದೆ" ಅಂದಳು. "ಓದ್ಲಿ ಓದ್ಲಿ, ಮಾಸ್ಕ್ ಹಾಕ್ಕೊಂಡು ಓದ್ಲಿ" ಅಂದರು ಅಪ್ಪ.

ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿಲ್ಲ ಅಂತ 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದನ್ನು ಕಂಡುಹಿಡಿಯುವ ಕೆಲಸ ಶುರುವಾಯಿತು. 2024ರ ಜನವರಿಯಲ್ಲಿ ಆ ವರ್ಷದ ಮೊದಲ ಸಾವಿನ ಸುದ್ದಿ ಹೊಸನಗರ ತಾಲ್ಲೂಕಿನಿಂದ ಬಂತು. ಅವತ್ತು ಸಂಜೆ ಫೋನ್ ಮಾಡಿದಾಗ ಚಿಕ್ಕಮ್ಮನ ದನಿ ಸಣ್ಣಗಾಗಿತ್ತು. ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲ. ನಂಬಿಕೆಯಿದ್ದರೆ ಹೆದರಿಕೆ ಇರುವುದಿಲ್ಲ ಅಂತ ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಈಗ ನೋಡಿದರೆ ಎರಡೂ ಒಂದೇ ಮನೆಯಲ್ಲಿ ಇವೆ, ಶಿಲುಬೆಯ ಪಕ್ಕದಲ್ಲಿ ಬೈಬಲ್ಲೂ ಬಾಟಲಿಯೂ ಇರುವ ಹಾಗೆ.

ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಕಾನಿಗೆ ಹೋಗುವುದಿಲ್ಲ. ಓದುವುದು ಮಾತ್ರ ಮೊದಲಿನ ಹಾಗೇ ಗಟ್ಟಿಯಾಗಿ. ಕಳೆದ ವಾರ ನಾನು ಹೊರಟಾಗಲೂ ತಲೆ ಮೇಲೆ ಕೈಯಿಟ್ಟು ಆ ಪುಟ ಓದಿದರು. ಪಕ್ಕದಲ್ಲಿ ಬಿದ್ದರೂ ಅನ್ನುವ ಸಾಲು ಬಂದಾಗ ಅಮ್ಮನ ಹಾಗೆ ಹಾರಿಸಲಿಲ್ಲ. ಓದಿದರು, ನಿಂತರು, ಆಚೆಮನೆಯ ಕಡೆ ಒಮ್ಮೆ ನೋಡಿದರು, ಕೊನೆಯವರೆಗೂ ಓದಿ ಮುಗಿಸಿದರು.

ಚಳಿಗಾಲದಲ್ಲಿ ಜೋಗ, ಸಿಗಂದೂರು, ಕೊಡಚಾದ್ರಿ ಅಂತ ನಮ್ಮ ಕಡೆ ಬರುವವರಿದ್ದರೆ ಬನ್ನಿ. ಕಾಡಿನೊಳಗೆ ಕಾಲಿಡುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಉದ್ದ ತೋಳಿನ ಬಟ್ಟೆ ಹಾಕಿಕೊಳ್ಳಿ, ಒಣ ಎಲೆಯ ಮೇಲೆ ಕೂರಬೇಡಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ನಿಮ್ಮ ದೇವರನ್ನೂ ನೆನೆಯಿರಿ. ಸಾಗರದ ಕಡೆ ಬಂದರೆ ನಮ್ಮನೆಗೂ ಬನ್ನಿ. ಅಪ್ಪ ಬಿಡುವುದಿಲ್ಲ, ಮೊದಲು ಎಣ್ಣೆ, ಆಮೇಲೆ ಕಾಫಿ.